ನಾಲ್ಕು ಸಾಲಿನ ಒತ್ತುವರಿ

ದೂರ ಶಿಕ್ಷಣ ಪಡೆಯುವ ವಿದ್ಯಾರ್ಥಿಯು ಶಿಕ್ಷಣ ಕೇಂದ್ರದಿಂದ ಕನಿಷ್ಠ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ವಾಸವಾಗಿರತಕ್ಕದ್ದು. ಇದು ಶಿಡ್ಲಘಟ್ಟದ ದೂರ ಗಣಕ ಶಿಕ್ಷಣ ಕೇಂದ್ರದ ನಿಯಮಾವಳಿಯ ಮೂರನೆಯ ನಿಯಮ. ಹತ್ತಿರದವರಿಗೆ ಕಲಿಸಿದರೆ ಅದು ಮಾಮೂಲಿ ಶಿಕ್ಷಣವಾಗಿಬಿಡುತ್ತದೆ, ಮಾಮೂಲಿ ಶಿಕ್ಷಣಕ್ಕೆ ನಮ್ಮಲ್ಲಿ ಅನುದಾನವಿಲ್ಲ. ನಾನು ಆ ಕೇಂದ್ರದ ದ್ವಿತೀಯ ದರ್ಜೆ ಸಹಾಯಕ. ಮುಂದೆ ಹೇಳುವುದೆಲ್ಲ ಕಡತದಲ್ಲಿದೆ. ಕಡತದಲ್ಲಿಲ್ಲದ ಒಂದೆರಡು ಮಾತನ್ನೂ ಸೇರಿಸಿದ್ದೇನೆ, ಮೇಲಧಿಕಾರಿಗಳು ಮನ್ನಿಸಬೇಕು.

ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಜೂನ್‌ನಲ್ಲಿ ಕೇಂದ್ರ ಆರಂಭವಾದಾಗ ನಮ್ಮಲ್ಲಿ ಒಂದು ಕಂಪ್ಯೂಟರ್, ಒಂದು ಟೆಲಿಫೋನ್ ಲೈನು ಇದ್ದವು. ಸಿಬ್ಬಂದಿ ನಾವು ಏಳು ಜನ. ಕಂಪ್ಯೂಟರ್ ಗೊತ್ತಿದ್ದವರು ಯಾರೂ ಇರಲಿಲ್ಲ, ಆ ಹುದ್ದೆ ಇನ್ನೂ ಮಂಜೂರಾಗಬೇಕಿತ್ತು. ಅಧೀಕ್ಷಕರಾಗಿ ಬಂದ ವೆಂಕಟರವಣಪ್ಪನವರು ಚಿಂತಾಮಣಿ ಕಡೆಯವರು. ಮೂವತ್ತೆರಡು ವರ್ಷ ಜಮೀನಿನ ಕಡತಗಳನ್ನೇ ನೋಡಿದವರು. ಸರ್ವೆ ನಂಬರ್ ಇಲ್ಲದ ವಸ್ತು ಲೋಕದಲ್ಲಿದೆ ಎಂಬುದರಲ್ಲಿ ಅವರಿಗೆ ನಂಬಿಕೆ ಇರಲಿಲ್ಲ.

ಮೊದಲ ಅರ್ಜಿ ತಂದವಳು ಹಫೀಜಾ. ನಮ್ಮ ಕಚೇರಿಯ ಬೆನ್ನಿಗೇ ರೀಲರ್ ಖಾಜಾ ಪೀರ್ ಅವರ ಮನೆ. ಅಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಾರೆ. ಆ ವಾಸನೆ ನಮ್ಮ ಕಿಟಕಿಯಿಂದ ಬಂದು ಹಾಜರಿ ಪುಸ್ತಕಕ್ಕೂ ಹತ್ತಿದೆ. ಹಫೀಜಾ ಅವರ ಮಗಳು. ಹನ್ನೆರಡನೇ ವಯಸ್ಸಿನಿಂದ ಕುದಿನೀರಿನಲ್ಲಿ ಎಳೆ ಹುಡುಕಿದ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

"ಮನೆ ಎಲ್ಲಮ್ಮ?" ಎಂದು ಅಧೀಕ್ಷಕರು ಕೇಳಿದರು.

"ಇಲ್ಲೇ ಸಾರ್. ಕಿಟಕೀಲಿ ಕಾಣ್ತದಲ್ಲ, ಅದೇ."

"ಹಂಗಾದ್ರೆ ಕಷ್ಟ ಕಣಮ್ಮ. ನಿನಗೆ ದೂರ ಸಾಲದು."

"ಎಷ್ಟು ಕಮ್ಮಿ ಬಿದ್ದದೆ ಸಾರ್?"

ಅಧೀಕ್ಷಕರು ಟೇಪು ಹಿಡಿಸಿ ಅಳೆಸಿದರು. ಹತ್ತೊಂಬತ್ತು ಕಿಲೋಮೀಟರ್ ಒಂಬೈನೂರ ಅರವತ್ತು ಮೀಟರ್ ಕಮ್ಮಿ ಬಿದ್ದಿತ್ತು.

ಹುಡುಗಿ ಹಠ ಬಿಡಲಿಲ್ಲ. ಪೆರೇಸಂದ್ರದಲ್ಲಿ ಅವಳ ಚಿಕ್ಕಮ್ಮ ಅಜೀಜಾ ಇದ್ದರು. ಅವರ ಮನೆಯ ವಿಳಾಸಕ್ಕೆ ವಾಸಸ್ಥಳ ಪತ್ರ ಮಾಡಿಸಿ ತಂದಳು, ಪ್ರವೇಶ ಸಿಕ್ಕಿತು. ಅಂದಿನಿಂದ ಪ್ರತಿ ಗುರುವಾರ ಬೆಳಿಗ್ಗೆ ಅವಳು ನಮ್ಮ ಬಾಗಿಲ ಮುಂದೆಯೇ ಹಾದು ಬಸ್ ಸ್ಟ್ಯಾಂಡಿಗೆ ಹೋಗಿ, ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಿಸಿ, ಪೆರೇಸಂದ್ರ ತಲುಪುತ್ತಿದ್ದಳು. ಅಲ್ಲಿ ಹೆದ್ದಾರಿ ಪಕ್ಕ ಗಂಗುಲಪ್ಪನ ಎಸ್‌ಟಿಡಿ ಬೂತು. ಲಗ್ನಪತ್ರಿಕೆ ಮಾಡಲು ಅವನು ಒಂದು ಹಳೇ ಕಂಪ್ಯೂಟರ್ ಇಟ್ಟುಕೊಂಡಿದ್ದ. ರಾಜಧಾನಿಯ ಮೇಲಿನ ಕಚೇರಿಯಿಂದ ಫ್ಲಾಪಿಯಲ್ಲಿ ಬಂದ ಪಾಠವನ್ನು ನಾವು ಟೆಲಿಫೋನ್ ಲೈನಿನಲ್ಲಿ ಅಲ್ಲಿಗೆ ಕಳಿಸುತ್ತಿದ್ದೆವು. ಕಳಿಸುವುದು ಹೇಗೆಂದು ಅವಳೇ ನಮಗೆ ಫೋನಿನಲ್ಲಿ ಹೇಳಿಕೊಡುತ್ತಿದ್ದಳು. ಒಮ್ಮೆ ಒಂದು ಬುಧವಾರ ಮನೆಯ ಕಿಟಕಿಯಿಂದಲೇ ಏನೋ ಸಂದೇಹ ಕೂಗಿ ಕೇಳಿದಳು. ನಮಗೆಲ್ಲ ಕೇಳಿಸಿತು, ಆದರೆ ನಿಯಮದ ಪ್ರಕಾರ ಕೇಳಿಸಬಾರದಾಗಿತ್ತು, ಆದ್ದರಿಂದ ಯಾರೂ ತಲೆ ಎತ್ತಲಿಲ್ಲ.

ಇಷ್ಟೆಲ್ಲ ಅವಳು ಪಟ್ಟದ್ದು ಒಂದು ಹುದ್ದೆಗಾಗಿ. ನಮ್ಮ ಕೇಂದ್ರಕ್ಕೆ ಕೊನೆಗೂ ಒಬ್ಬ ಗಣಕ ಸಹಾಯಕಿಯ ಹುದ್ದೆ ಮಂಜೂರಾಗಿತ್ತು. ನಮ್ಮದೇ ಪ್ರಮಾಣಪತ್ರ ಇರಬೇಕು, ಹದಿನೆಂಟು ತುಂಬಿರಬೇಕು, ಇಪ್ಪತ್ತೈದು ತುಂಬಿರಬಾರದು. ಸಂದರ್ಶನ ಎರಡು ಸಾವಿರದ ಜನವರಿ ಇಪ್ಪತ್ತಕ್ಕೆ. ಎಪ್ಪತ್ತೈದರ ಫೆಬ್ರವರಿಯಲ್ಲಿ ಹುಟ್ಟಿದ ಹಫೀಜಾಗೆ ಮುಂದಿನ ತಿಂಗಳೇ ಇಪ್ಪತ್ತೈದು ತುಂಬುತ್ತಿತ್ತು. ಇದು ತಪ್ಪಿದರೆ ಮತ್ತೊಂದಿಲ್ಲ. "ಈ ಕೈ ಬಿಸಿನೀರಿಂದ ಆಚೆ ಬಂದ್ರೆ ಸಾಕು ಸಾರ್," ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದಳು.

ಪಾಠಗಳ ಜೊತೆ ಮೇಲಿನ ಕಚೇರಿ ವಯಸ್ಸು ಲೆಕ್ಕ ಹಾಕುವ ಒಂದು ಪ್ರೋಗ್ರಾಂ ಕೂಡ ಕಳಿಸಿತ್ತು. ಕೇಂದ್ರದ ಎಲ್ಲರ ವಯಸ್ಸನ್ನೂ ಇನ್ನು ಮುಂದೆ ಅದರಿಂದಲೇ ತೆಗೆಯಬೇಕು, ವಯಸ್ಸಿನ ವಿಷಯದಲ್ಲಿ ಗಣಕವು ಮುದ್ರಿಸಿದ ಪ್ರತಿಯೇ ಅಂತಿಮ ಎಂದು ಸುತ್ತೋಲೆಯೂ ಬಂತು. ಅದು ಮುಕ್ತ ತಂತ್ರಾಂಶವಂತೆ. ಎಲ್ಲೆಲ್ಲಿನವರೋ ಸೇರಿ ಪುಕ್ಕಟೆ ಬರೆದದ್ದು. ಫ್ಲಾಪಿಯ ಮೇಲಿನ ಚೀಟಿಯಲ್ಲಿ ಹೀಗಿತ್ತು: "ಇದನ್ನು ಯಾರು ಬೇಕಾದರೂ ಬಳಸಬಹುದು, ಒಳಗೆ ನೋಡಬಹುದು, ತಪ್ಪಿದ್ದರೆ ತಿದ್ದಬಹುದು, ತಿದ್ದಿ ಹಂಚಬಹುದು." ಇಂಥ ಮಾತನ್ನು ನಾವು ಯಾವ ಸರ್ಕಾರಿ ಕಾಗದದಲ್ಲೂ ಓದಿರಲಿಲ್ಲ. ಮೊದಲು ಅಚ್ಚಿನ ದೋಷ ಎಂದುಕೊಂಡೆವು.

ನವೆಂಬರ್‌ನಲ್ಲಿ ಹಫೀಜಾ ಒಂದು ಗಂಟೆಯ ತಾತ್ಕಾಲಿಕ ಸಾಮೀಪ್ಯಕ್ಕೆ ಅರ್ಜಿ ಕೊಟ್ಟು, ಅನುಮತಿ ಪಡೆದು, ಕೇಂದ್ರದ ಒಳಕ್ಕೆ ಬಂದಳು. ಕಂಪ್ಯೂಟರಿನ ತಾರೀಖನ್ನು ಎರಡು ಸಾವಿರದ ಜನವರಿಗೆ ತಿರುಗಿಸಿ, "ನೀವು ಹುಟ್ಟಿದ ಇಸವಿ ಹೇಳಿ ಸಾರ್," ಎಂದಳು.

"ನಲವತ್ತೆರಡು," ಎಂದರು ಅಧೀಕ್ಷಕರು.

ಪರದೆಯ ಮೇಲೆ ವಯಸ್ಸು ಮೈನಸ್ ನಲವತ್ತೆರಡು ಎಂದು ಬಂತು.

"ಏಮಮ್ಮಾ ಇದಿ? ಹಂಗಂದ್ರೆ ಏನು?"

"ನೀವು ಹುಟ್ಟೋಕೆ ಇನ್ನ ನಲವತ್ತೆರಡು ವರ್ಷ ಬಾಕಿ ಅಂತದೆ ಸಾರ್. ತಪ್ಪು ಇದು. ಇಸವೀಲಿ ಕೊನೇ ಎರಡು ಅಂಕಿ ಮಾತ್ರ ನೋಡ್ತದೆ. ಎರಡು ಸಾವಿರ ಅಂದ್ರೆ ಇದಕ್ಕೆ ಬರೀ ಸೊನ್ನೆ. ಸೊನ್ನೇಲಿ ನಲವತ್ತೆರಡು ಕಳೀತದೆ."

ಅಧೀಕ್ಷಕರಿಗೆ ಜನವರಿ ಮೂವತ್ತೊಂದಕ್ಕೆ ನಿವೃತ್ತಿ. ಬೀಳ್ಕೊಡುಗೆಯ ಶಾಲು ತರಲು ಆಗಲೇ ಆಳು ಹೋಗಿದ್ದ. ಅವರು ಪರದೆಯನ್ನೇ ನೋಡುತ್ತ ಟೀ ಪೂರ್ತಿ ಕುಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಇದರ ಪ್ರಕಾರ ನನಗೆ ಐವತ್ತೆಂಟು ತುಂಬೋದು ಯಾವಾಗಮ್ಮ?"

"ತುಂಬೋದೇ ಇಲ್ಲ ಸಾರ್. ತೊಂಬತ್ತೊಂಬತ್ತನೇ ಇಸವೀಲಿ ಐವತ್ತೇಳಕ್ಕೆ ಬರ್ತದೆ, ಆಮೇಲೆ ಮತ್ತೆ ಸೊನ್ನೆ, ಮತ್ತೆ ಮೈನಸ್. ಯೋಚನೆ ಮಾಡಬೇಡಿ, ನಾಲ್ಕು ಸಾಲು ಬರೆದ್ರೆ ಸರಿ ಹೋಗ್ತದೆ."

"ಆತುರ ಬೇಡ," ಎಂದರು ಅಧೀಕ್ಷಕರು. ಅವಳು ಹೋದ ಮೇಲೆ ನಾನು ನನ್ನ ಹುಟ್ಟಿದ ಇಸವಿಯನ್ನೂ ಹಾಕಿ ನೋಡಿದೆ. ನನಗೂ ಐವತ್ತೆಂಟು ತುಂಬುತ್ತಿರಲಿಲ್ಲ. ಉಳಿದ ಐವರು ಸರತಿಯಲ್ಲಿ ನಿಂತು ನೋಡಿಕೊಂಡರು. ಅಂದು ಸಂಜೆ ಕಚೇರಿಯಲ್ಲಿ ಎಂದೂ ಇಲ್ಲದ ಒಗ್ಗಟ್ಟು ಕಾಣಿಸಿತು.

ಆದರೆ ಹಫೀಜಾ ಚೀಟಿಯಲ್ಲಿದ್ದ ಮಾತನ್ನು ನಂಬಿದ್ದಳು. ಮುಂದಿನ ಗುರುವಾರ ಪೆರೇಸಂದ್ರದಿಂದ ನಾಲ್ಕು ಸಾಲು ಬರೆದು, ಪಾಠದಲ್ಲಿ ಹೇಳಿದ್ದಂತೆ ಒಂದು ಪ್ರತಿಯನ್ನು ಆ ಪ್ರೋಗ್ರಾಂ ಬರೆದ ಮೂಲದವರಿಗೂ ಒಂದನ್ನು ನಮ್ಮ ಕಂಪ್ಯೂಟರಿಗೂ ಕಳಿಸಿಬಿಟ್ಟಳು. ಬೆಳಗಾಗುವುದರಲ್ಲಿ ನಾವೆಲ್ಲ ಮತ್ತೆ ನಿವೃತ್ತಿಗೆ ಅರ್ಹರಾಗಿದ್ದೆವು.

ಅಧೀಕ್ಷಕರು ಕೂಗಾಡಲಿಲ್ಲ. ಹೊಸ ಕಡತ ತೆರೆಸಿ ಟಿಪ್ಪಣಿ ಬರೆದರು. ಸದರಿ ತಂತ್ರಾಂಶವು ಯಾರೊಬ್ಬರ ಸ್ವತ್ತೂ ಅಲ್ಲ. ಎಲ್ಲರಿಗೂ ಸೇರಿದ್ದು. ಎಲ್ಲರಿಗೂ ಸೇರಿದ್ದೆಂದರೆ ಊರ ದನ ಮೇಯಲು ಬಿಟ್ಟ ಗೋಮಾಳವಿದ್ದಂತೆ. ಗೋಮಾಳದಲ್ಲಿ ಯಾರ ದನ ಬೇಕಾದರೂ ಮೇಯಬಹುದು, ಆದರೆ ಯಾರೂ ಬೇಲಿ ಹಾಕತಕ್ಕದ್ದಲ್ಲ. ಆದ್ದರಿಂದ ಸದರಿ ನಾಲ್ಕು ಸಾಲು ಒತ್ತುವರಿ.

ಸ್ಥಳ ಮಹಜರು ನಡೆಯಿತು. ಟೀ ಅಂಗಡಿ ಮುನಿಶಾಮಪ್ಪ ಮತ್ತು ಇತರ ನಾಲ್ವರು ಪಂಚರು ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರಿನ ಸುತ್ತ ನಿಂತರು. ಚಕ್ಕುಬಂದಿ ಹೀಗೆ ದಾಖಲಾಯಿತು: ಮೂಡಲಿಗೆ ಕಿಟಕಿ, ಪಡುವಲಿಗೆ ಕಬ್ಬಿಣದ ಬೀರು, ಬಡಗಲಿಗೆ ಇನ್ನೂರ ಹನ್ನೊಂದನೆಯ ಸಾಲು, ತೆಂಕಲಿಗೆ ಇನ್ನೂರ ಹದಿನಾರನೆಯ ಸಾಲು. ವಿಸ್ತೀರ್ಣ ಮುಕ್ಕಾಲು ಅಂಗುಲ. ನೀರಾವರಿ ಇಲ್ಲ. ಮರಮಟ್ಟು ಇಲ್ಲ. "ಬಾವಿ ಏನಾನ ತೋಡವ್ಳಾ ಸಾಮಿ?" ಎಂದು ಮುನಿಶಾಮಪ್ಪ ಕೇಳಿದ. ಇಲ್ಲವೆಂದು ತಿಳಿದು ಸಮಾಧಾನದಿಂದ ರುಜು ಹಾಕಿದ.

ಹದಿನೈದು ದಿನ ತಕರಾರು ಆಹ್ವಾನಿಸಿ ಗೋಡೆಗೆ ಪ್ರಕಟಣೆ ಅಂಟಿಸಿದೆವು. ಏಳು ತಕರಾರು ಬಂದವು, ಏಳೂ ನಮ್ಮ ಸಿಬ್ಬಂದಿಯವು. ಒಂದು ನನ್ನದು. ವಿಚಾರಣೆಯ ದಿನ ಹಫೀಜಾ ಫ್ಲಾಪಿಯ ಚೀಟಿಯನ್ನೇ ಮುಂದಿಟ್ಟಳು.

"ಯಾರು ಬೇಕಾದ್ರೂ ತಿದ್ದಬಹುದು ಅಂತ ಬರ್ದದೆ ಸಾರ್."

"ಬರ್ದದೆ, ಇಲ್ಲ ಅನ್ನಲ್ಲಮ್ಮ. ಯಾರು ಬೇಕಾದ್ರೂ ಅಂದ್ರೆ ಎಲ್ಲಾರೂ ಅಂತ. ಎಲ್ಲಾರೂ ಸೇರಿ ತಿದ್ದಿದ್ರೆ ನಂದೇನೂ ಅಭ್ಯಂತರ ಇಲ್ಲ. ನೀನು ಒಬ್ಬಳೇ ತಿದ್ದಿದ್ದೀಯ."

"ತಪ್ಪಿತ್ತಲ್ಲ ಸಾರ್?"

"ತಪ್ಪೂ ಎಲ್ಲಾರಿಗೂ ಸೇರಿದ್ದೇ ಅಲ್ವೇನಮ್ಮ. ನೀನು ಒಬ್ಬಳು ತೆಗೆದುಬಿಟ್ರೆ ಮಿಕ್ಕೋರ ಪಾಲು?"

ಆದೇಶವಾಯಿತು. ಒತ್ತುವರಿದಾರಳು ಏಳು ದಿನದೊಳಗೆ ಸದರಿ ನಾಲ್ಕು ಸಾಲನ್ನು ಸ್ವಂತ ಖರ್ಚಿನಲ್ಲಿ ತೆರವುಗೊಳಿಸಿ, ಹಿಂದೆ ಇದ್ದ ತಪ್ಪನ್ನು ಯಥಾಸ್ಥಿತಿಗೆ ತರತಕ್ಕದ್ದು. ಅಲ್ಲಿಯವರೆಗೆ ಪ್ರಮಾಣಪತ್ರ ತಡೆಹಿಡಿಯಲಾಗಿದೆ. ತೆರವಿನ ಕೆಲಸ ಅವಳಿಂದಲೇ ಆಗಬೇಕಾಗಿತ್ತು, ಏಕೆಂದರೆ ಅದು ಹೇಗೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಡಿಸೆಂಬರ್ ಇಪ್ಪತ್ತೇಳಕ್ಕೆ ಅವಳು ಬಂದು ಕಂಪ್ಯೂಟರ್ ಮುಂದೆ ಕೂತಳು. ಅಧೀಕ್ಷಕರು ಪ್ರಮಾಣಪತ್ರವನ್ನು ಅವಳಿಗೆ ಕಾಣುವಂತೆ ಮೇಜಿನ ಮೇಲೆ ಇಟ್ಟಿದ್ದರು.

"ಸಾರ್, ಇದು ತೆಗೆದ್ರೆ ಜನವರೀಲಿ ನನ್ನ ವಯಸ್ಸೂ ಕೆಡ್ತದೆ. ಸಂದರ್ಶನಕ್ಕೆ ಏನು ಮಾಡ್ಲಿ?"

"ಅಯ್ಯೋ, ನಿನ್ನ ಕಣ್ಣಾರೆ ನೋಡ್ತಾ ಇಲ್ವೇನಮ್ಮ ನಾವು? ನೀನು ಹುಟ್ಟಿದ್ದೀಯ ಅಂತ ನಮಗೆ ಗೊತ್ತಿಲ್ವ? ತೆಗಿ, ತೆಗಿ."

ಅವಳು ನನ್ನ ಕಡೆ ನೋಡಿದಳು. ನಾನೂ ತಲೆಯಾಡಿಸಿದೆ. ಅವಳು ಒಂದೊಂದೇ ಸಾಲು ಅಳಿಸಿದಳು. ನನಗೆ ನಾಚಿಕೆಯಾಯಿತು. ಮಹಜರಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲವಾಗಿ ಬರೆಯಲಿಲ್ಲ.

ಜನವರಿ ಇಪ್ಪತ್ತರ ಸಂದರ್ಶನಕ್ಕೆ ಬಂದವಳು ಅವಳೊಬ್ಬಳೇ. ನಮ್ಮ ಪ್ರಮಾಣಪತ್ರ ಬೇರೆ ಯಾರ ಬಳಿಯೂ ಇರಲಿಲ್ಲ. ಅಧೀಕ್ಷಕರು ನಿಯಮದಂತೆ ಅವಳ ವಯಸ್ಸಿನ ಮುದ್ರಿತ ಪ್ರತಿ ತೆಗೆಸಿದರು. ಮೈನಸ್ ಎಪ್ಪತ್ತೈದು. ಅವರು ಕನ್ನಡಕ ತೆಗೆದು ನಿಜವಾಗಿಯೂ ನೊಂದುಕೊಂಡರು. "ನಾನು ಕಂಡಿರೋದು ಬೇರೆ, ಕಚೇರಿ ಕಂಡಿರೋದು ಬೇರೆ ಕಣಮ್ಮ," ಎಂದರು. ಮಾರನೆಯ ದಿನ ಹಿಂಬರಹ ಹೋಯಿತು.

"ಅಭ್ಯರ್ಥಿಯು ಇನ್ನೂ ಜನಿಸಿಲ್ಲವೆಂದು ಗಣಕದಿಂದ ದೃಢಪಟ್ಟಿದೆ. ಎರಡು ಸಾವಿರದ ತೊಂಬತ್ತಮೂರನೆಯ ಇಸವಿಯಲ್ಲಿ ಹದಿನೆಂಟು ತುಂಬಿದ ಕೂಡಲೇ ಪರಿಗಣಿಸಲಾಗುವುದು. ಅಲ್ಲಿಯವರೆಗೆ ಹುದ್ದೆಯನ್ನು ಕಾಯ್ದಿರಿಸಿದೆ. ಈ ಬಗ್ಗೆ ಪದೇ ಪದೇ ಕಚೇರಿಗೆ ಅಲೆಯಬಾರದು."

ಖಾಜಾ ಪೀರ್ ಆ ಕಾಗದ ಹಿಡಿದು ಬಂದರು. ಕೈ ಒರೆಸಿಕೊಳ್ಳದೆ ಬಂದಿದ್ದರಿಂದ ಕಾಗದ ಒದ್ದೆಯಾಗಿತ್ತು.

"ಸಾಹೇಬ್ರೆ, ನನ್ನ ಮಗಳು ಹುಟ್ಟಿಲ್ಲ ಅಂದ್ರೆ, ಈ ಮಿಷನ್ ಲೆಕ್ಕದಲ್ಲಿ ನೀವೂ ಹುಟ್ಟಿಲ್ವಲ್ಲ?"

"ಹುಟ್ಟಿಲ್ಲ ಖಾಜಾ ಸಾಬ್ರೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಾನು ಆಗ್ಲೇ ಸೇವೇಲಿ ಇದೀನಿ. ಹುಟ್ಟೋದು ಹೊಸದಾಗಿ ಸೇರೋರಿಗೆ ಮಾತ್ರ ಕಡ್ಡಾಯ."

ಖಾಜಾ ಪೀರ್ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡರು. ಆಮೇಲೆ, "ಪೋಸ್ಟು ಬೇರೆಯವರಿಗೆ ಕೊಡಲ್ಲ ತಾನೆ?" ಎಂದು ಕೇಳಿದರು. ಕೊಡುವುದಿಲ್ಲವೆಂದು ನಾನು ಬರೆದುಕೊಟ್ಟೆ. ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದರು. ಓಣಿಯಲ್ಲಿ ಹಫೀಜಾಗೆ ಸರ್ಕಾರಿ ಕೆಲಸ ಗೊತ್ತಾಗಿದೆಯೆಂದೂ, ಸ್ವಲ್ಪ ಟೈಮ್ ಹಿಡಿಯುತ್ತದೆಂದೂ ಸುದ್ದಿಯಾಯಿತು.

ಅಧೀಕ್ಷಕರ ನಿವೃತ್ತಿ ಕಡತವನ್ನು ಮೇಲಿನ ಕಚೇರಿ ಮುದ್ರಿತ ಪ್ರತಿ ನೋಡಿ, ಇನ್ನೂ ವಯಸ್ಸಾಗಿಲ್ಲವೆಂದು ಮುಕ್ತಾಯ ಮಾಡಿತು. ಶಾಲನ್ನು ಬೀರುವಿನಲ್ಲಿ ಇಟ್ಟಿದ್ದೇವೆ. ಮಾರ್ಚ್‌ನಲ್ಲಿ ಅದೇ ಪ್ರೋಗ್ರಾಮಿನ ಹೊಸ ಫ್ಲಾಪಿ ಎಲ್ಲ ಕೇಂದ್ರಗಳಿಗೂ ಬಂತು. ವಯಸ್ಸಿನ ತಪ್ಪು ಸರಿಪಡಿಸಿದ್ದು ಶಿಡ್ಲಘಟ್ಟದ ಹಫೀಜಾ ಎಂದು ಅದರ ಜೊತೆಗಿನ ಹಾಳೆಯಲ್ಲಿ ಅಚ್ಚಾಗಿತ್ತು. ಜನಿಸದ ವ್ಯಕ್ತಿಯ ಹೆಸರು ಇರುವುದರಿಂದ ಫ್ಲಾಪಿ ನಕಲಿ ಎಂದು ಷರಾ ಬರೆದು ಅಧೀಕ್ಷಕರು ಅದನ್ನು ಮೊಹರು ಮಾಡಿಸಿದರು. ಅದೂ ಶಾಲಿನ ಪಕ್ಕದಲ್ಲೇ ಇದೆ.

ಕಂಪ್ಯೂಟರ್ ನೋಡಿಕೊಳ್ಳಲು ಯಾರಾದರೂ ಬೇಕಲ್ಲ. ಹಫೀಜಾ ಈಗ ಬೆಳಿಗ್ಗೆ ಹತ್ತರವರೆಗೆ ಗೂಡು ಬೇಯಿಸಿ, ಆಮೇಲೆ ನಮ್ಮಲ್ಲಿಗೆ ಬಂದು ಸಂಜೆವರೆಗೂ ಕೆಲಸ ಮಾಡುತ್ತಾಳೆ. ಸಂಬಳವಿಲ್ಲ, ಹಾಜರಿಯೂ ಇಲ್ಲ. ಹುಟ್ಟದವರಿಂದ ರುಜು ಪಡೆಯಲು ಅವಕಾಶವಿಲ್ಲ. ಅಭ್ಯಾಸ ತಪ್ಪಬಾರದಲ್ಲ, ಕೆಲಸ ಸಿಕ್ಕಾಗ ಅನುಕೂಲವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಅವಳ ಅಪ್ಪನೂ ಹೇಳುತ್ತಾರೆ. ಕೀಲಿಮಣೆಯ ಮೇಲೆ ಅವಳ ಬೆರಳಿನ ಒದ್ದೆ ಕಲೆ ಆರಲು ಅರ್ಧ ಗಂಟೆ ಬೇಕು.

ನಿನ್ನೆ ಅಧೀಕ್ಷಕರು ಅವಳ ಕೈ ನೋಡಿ ಮರುಗಿದರು.

"ಬೆರಳು ಜೋಪಾನ ಕಣಮ್ಮ. ಇನ್ನ ತೊಂಬತ್ತಮೂರು ವರ್ಷ ಬಾಳಿಕೆ ಬರಬೇಕು."

"ಆಯ್ತು ಸಾರ್," ಎಂದು ಹಫೀಜಾ, ಅವರ ಸೇವಾ ಪುಸ್ತಕದಲ್ಲಿ ಈ ವರ್ಷದ ವಯಸ್ಸು ಮೈನಸ್ ನಲವತ್ತೆರಡು ಎಂದು ನಮೂದಿಸಿ, ರುಜುವಿಗೆ ಮುಂದಿಟ್ಟಳು.