ಯಾರೂ ಹೊತ್ತಿಸದ ಒಲೆ

ಪರ್ತ್‌ನಲ್ಲಿರುವವರಿಗೆ ಸಿಡ್ನಿಗಿಂತ ಬಾಲಿ ಹತ್ತಿರ. ಮೂರು ದಿನ ರಜೆ ಸಿಕ್ಕಿದರೆ ಸಾಕು, ಜನ ಅಲ್ಲಿಗೆ ಹೋಗಿ ಸಮುದ್ರದಂಡೆಯಲ್ಲಿ ಬಿದ್ದುಕೊಂಡು ಸುಖವಾಗಿ ವಾಪಸಾಗುತ್ತಾರೆ. ನಮ್ಮ ಮನೆಯವರಿಗೆ ಮಾತ್ರ ಆ ಭಾಗ್ಯವಿಲ್ಲ. ನಾವು ಎಲ್ಲಿಗೆ ಹೋದರೂ ಏನಾದರೊಂದು ಆಗಿಯೇ ತೀರುತ್ತದೆ. ಅದಕ್ಕೆ ಮುಕ್ಕಾಲು ಪಾಲು ಕಾರಣ ನಮ್ಮ ಅತ್ತೆ.

೧. ಎಲ್ಲಿಗೆ ಬಂದ್ರಿ?

ಬಾಲಿಯಲ್ಲಿ ಇನ್ನೂ ಹೊಗೆಯಾಡುವ ಜ್ವಾಲಾಮುಖಿಯೊಂದಿದೆ, ಬೆಳಿಗ್ಗೆ ಹತ್ತಿ ಮಧ್ಯಾಹ್ನ ಇಳಿದು ಬರಬಹುದು ಎಂದು ಪತ್ತೆ ಹಚ್ಚಿದವನು ನನ್ನ ಷಡ್ಡಕ. ಅತ್ತೆಯ ಕಿರಿಯ ಅಳಿಯ, ಇರುವುದು ಬ್ರಿಸ್ಬೇನಿನ ಸನ್ನಿಬ್ಯಾಂಕ್ ಬಡಾವಣೆಯಲ್ಲಿ. ಅಡಿಲೇಡ್‌ನ ಭಾವಮೈದ, ಅಂದರೆ ಅತ್ತೆಯ ಮಗ, ತಾನೂ ಬರುತ್ತೇನೆಂದ. ಮೈಸೂರಿನಿಂದ ಬಂದು ಪರ್ತ್‌ನಲ್ಲಿ, ಕ್ಯಾನಿಂಗ್ ವೇಲ್‌ನ ನಮ್ಮ ಮನೆಯಲ್ಲಿದ್ದ ಅತ್ತೆ ಇದನ್ನು ಕೇಳಿಸಿಕೊಂಡು, "ನಾನೂ ಹತ್ತಬೇಕು" ಎಂದರು.

ವಿಡಿಯೋ ಕಾಲ್‌ನಲ್ಲಿ ಮಗ ಕೂಗಾಡಿದ. "ಅಮ್ಮಾ, ನಿಂಗೆ ಅರವತ್ತೆಂಟು! ಸುಮ್ನೆ ಕೆಳಗೆ ಕೂತಿರು."

"ಐವತ್ತು ವರ್ಷ ಬೆಳಗಾದ್ರೆ ಒಲೆ ಹೊತ್ತಿಸಿದೀನಿ ಕಣೋ," ಎಂದರು ಅತ್ತೆ. "ಯಾರೂ ಹೊತ್ತಿಸದೆ ತಾನೇ ಉರಿಯೋ ಒಲೆ ಒಂದನ್ನ ಕಣ್ಣಾರೆ ನೋಡ್ಬೇಕು. ಅಷ್ಟೂ ಬೇಡ್ವಾ?"

ಆ ರಾತ್ರಿಯೇ ಅವರಿಗೂ ಒಂದು ಟಿಕೆಟ್ ತೆಗೆದೆ.

ನಾನು ಜಿಮ್‌ನಲ್ಲಿ ಮೆಟ್ಟಿಲು ಹತ್ತುವ ಯಂತ್ರದ ಮೇಲೆ ತಯಾರಿ ನಡೆಸಿದೆ. ಒಂದು ದಿನ ಅತ್ತೆಯೂ ಬಂದು ಎದುರಿಗೆ ಕೂತರು. ನಾನು ಬೆವರು ಸುರಿಸುತ್ತ ಇಳಿದಾಗ ಕೇಳಿದರು: "ಒಂದು ಗಂಟೆ ಹತ್ತಿದ್ರಲ್ಲ ಅಳಿಯಂದ್ರೇ, ಎಲ್ಲಿಗೆ ಬಂದ್ರಿ?"

೨. ಮೆಟ್ಟಿಲೆಲ್ಲಿ?

ಹೆಂಡತಿಯರೂ ಮಕ್ಕಳೂ ಹೋಟೆಲಿನ ಈಜುಕೊಳ ಬಿಟ್ಟು ಬರಲಿಲ್ಲ, ಬುದ್ಧಿವಂತರು. ಉಳಿದ ನಾಲ್ವರು ಚೆನ್ನಾಗಿ ಬೆಳಕಾದ ಮೇಲೆ ಗೈಡ್ ಜೊತೆ ಬೆಟ್ಟದ ಬುಡಕ್ಕೆ ಬಂದೆವು. ಅತ್ತೆ ಕುಂಕುಮದ ಭರಣಿ ತೆಗೆದು, "ಮೆಟ್ಟಿಲೆಲ್ಲಿ?" ಎಂದರು.

ಚಾಮುಂಡಿ ಬೆಟ್ಟದ ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಹತ್ತಿದವರು ಅವರು. ಇಲ್ಲಿ ಬರೀ ಕಪ್ಪು ಕಲ್ಲು ಎಂದೆ. "ಸರಿ, ಕಲ್ಲಿಗೇ ಹಚ್ತೀನಿ" ಎಂದು ಹತ್ತು ಹೆಜ್ಜೆಗೊಂದು ಬೊಟ್ಟಿಡುತ್ತ ಹೊರಟೇಬಿಟ್ಟರು. ಗೈಡ್‌ಗೆ ಇದು ಬಹಳ ಹಿಡಿಸಿತು; ಅವನೂ ಆಗಲೇ ಒಂದು ಕಲ್ಲಿನ ಮುಂದೆ ಹೂವಿಟ್ಟು ಕೈಮುಗಿದಿದ್ದ.

ಭಾವಮೈದ ಹತ್ತು ನಿಮಿಷಕ್ಕೊಮ್ಮೆ ತನ್ನ ವಾಚನ್ನು ಅಮ್ಮನ ಕೈಗೆ ಕಟ್ಟಿ ನಾಡಿ ನೋಡುತ್ತಿದ್ದ. ಅರ್ಧ ದಾರಿಯಲ್ಲಿ ವಾಚು ಕೀಂಯ್ ಎಂದು ಕಿರುಚಿಕೊಂಡಿತು. ಆಗ ಅದು ಅವನದೇ ಕೈಯಲ್ಲಿತ್ತು. ಬಂಡೆಯೊಂದರ ಮೇಲೆ ಕುಸಿದು ಕೂತ ಮಗನ ಹಣೆಗೂ ಅತ್ತೆ ಒಂದು ಬೊಟ್ಟಿಟ್ಟರು. "ಸುಮ್ನೆ ಇಲ್ಲೇ ಕೂತಿರು ಮರಿ. ಇಳಿಯೋವಾಗ ಕರ್ಕೊಂಡು ಹೋಗ್ತೀನಿ."

೩. ಫಸ್ಟ್ ಏಡ್

ತುದಿಯಲ್ಲಿ ಬಂಡೆಯ ಸಂದುಗಳಿಂದ ಬಿಸಿ ಹಬೆ ಏಳುತ್ತಿತ್ತು. ಅತ್ತೆ ಕೈಜೋಡಿಸಿ ನಿಂತರು. ಅವರ ಕಣ್ಣು ತುಂಬಿ ಹರಿಯುತ್ತಿತ್ತು. ಇವರನ್ನು ಕೆಳಗೇ ಕೂರಿಸಿ ಬಂದಿದ್ದರೆ ಎಂಥ ಪಾಪ ಕಟ್ಟಿಕೊಳ್ಳುತ್ತಿದ್ದೆವು ಅನ್ನಿಸಿತು.

ಅಷ್ಟರಲ್ಲಿ ಗೈಡ್ ಅಲ್ಲಿಯ ಪದ್ಧತಿಯಂತೆ ಒಂದು ಸಂದಿನಲ್ಲಿ ಮೊಟ್ಟೆ, ಬಾಳೆಹಣ್ಣು ಇಟ್ಟು ಬೇಯಿಸತೊಡಗಿದ. ಅತ್ತೆಯ ಕಣ್ಣೀರು ತಟ್ಟನೆ ನಿಂತಿತು. "ಮೊಟ್ಟೆ ಬೇಯಿಸಿದ ಒಲೆ ನಮಗಾಗಲ್ಲ. ಬೇರೆ ಒಲೆ ತೋರ್ಸೋಕೆ ಹೇಳಿ."

ಗೈಡ್ ದಾರಿ ಬಿಟ್ಟು ಆಚೆ, ದೊಡ್ಡ ಬಂಡೆಯೊಂದರ ಮರೆಯಲ್ಲಿ ಇನ್ನೊಂದು ಸಂದು ತೋರಿಸಿದ. ಅಲ್ಲಿಯವರೆಗೂ ಕುಂಕುಮ ಹಚ್ಚುತ್ತ ಹೋದ ಅತ್ತೆ, ಷಡ್ಡಕನ ಬೆನ್ನಮೇಲಿದ್ದ ಚೀಲ ಇಳಿಸಿದರು. ಒಳಗಿಂದ ಆರು ಸ್ಟೀಲ್ ಲೋಟ, ರವೆ ಇಡ್ಲಿ ಮಿಕ್ಸು, ಮೊಸರಿನ ಡಬ್ಬಿ, ಚಟ್ನಿಪುಡಿ, ಸುತ್ತಿಟ್ಟ ಬಾಳೆಲೆ ಒಂದೊಂದಾಗಿ ಹೊರಬಂದವು.

"ಫಸ್ಟ್ ಏಡ್ ಅಂತ ಹೇಳಿ ಹೊರಿಸಿದ್ರಲ್ಲ ಅತ್ತೆ!" ಎಂದ ಷಡ್ಡಕ, ಭುಜ ನೀವಿಕೊಳ್ಳುತ್ತ.

"ಮತ್ತಿನ್ನೇನು? ಹಸಿದವರಿಗೆ ಬ್ಯಾಂಡೇಜು ಕಟ್ಟೋಕಾಗತ್ತಾ?"

೪. ತೀರ್ಪು

ಹಿಟ್ಟು ಕಲಸಿ, ಲೋಟಗಳನ್ನು ಹಬೆಯಲ್ಲಿಟ್ಟು, ಬಾಳೆಲೆ ಮುಚ್ಚಿ ಕಾಯುತ್ತಿದ್ದೆವು. ಆಗ ಐದು ಮಂದಿ ಆಸ್ಟ್ರೇಲಿಯನ್ನರು ಏದುಸಿರು ಬಿಡುತ್ತ ಬಂಡೆ ಸುತ್ತಿ ಬಂದು ನಮ್ಮೆದುರು ನಿಂತರು. ತಮ್ಮ ಗೈಡನ್ನು ಹಿಂದೆ ಬಿಟ್ಟು, ಕೆಂಪು ಗುರುತು ಹಿಡಿದೇ ಬಂದರಂತೆ. "ತುದಿ ಇದೇನಾ?" ಎಂದು ಕೇಳಿದರು.

ಅವರಲ್ಲಿಬ್ಬರು ನಮ್ಮ ಭಾವಮೈದನನ್ನು ಆಚೀಚೆ ಹಿಡಿದುಕೊಂಡಿದ್ದರು. "ಇವನಿಗೂ ಗುರುತು ಹಾಕಿತ್ತು," ಎಂದ ಒಬ್ಬ. "ಬಿಟ್ಟು ಬರಬಾರದು ಅಂತ ಎತ್ಕೊಂಡು ಬಂದ್ವಿ."

ಅತ್ತೆ ಎಲ್ಲರನ್ನೂ ಸಾಲಾಗಿ ಕೂರಿಸಿದರು. ಅರ್ಧ ಗಂಟೆಯಾದ ಮೇಲೆ ಬಾಳೆಲೆ ತೆಗೆದರೆ ಇಡ್ಲಿ ಅಂಚಿನಲ್ಲಿ ಬೆಂದಿತ್ತು, ನಡುವೆ ಗಂಜಿ. ಆಸ್ಟ್ರೇಲಿಯನ್ನರು ಚಟ್ನಿಪುಡಿ ಉದುರಿಸಿಕೊಂಡು, ಭಲೇ ಎನ್ನುತ್ತ ಬಾಚಿ ತಿಂದರು. ಅತ್ತೆ ಮಾತ್ರ ಬೆರಳಿನಿಂದ ಒತ್ತಿ ನೋಡಿದರು. ಇಡ್ಲಿ ನೋಡಿದರು, ಹೊಗೆಯಾಡುವ ಬೆಟ್ಟ ನೋಡಿದರು.

"ಹೇಗಿದೆ ಅತ್ತೆ, ಯಾರೂ ಹೊತ್ತಿಸದ ಒಲೆ?" ಎಂದೆ.

"ನೋಡೋಕೆ ಚೆನ್ನಾಗಿದೆ ಅಳಿಯಂದ್ರೇ," ಎಂದರು. "ಉರಿ ಸಾಲದು."