ಸಹಾಯದ ಬಟನ್

ಸಾಬೂನು ಕಂಪನಿಯ ಸೇಲ್ಸ್ ಆ್ಯಪಿಗೆ ಹೊಸ ರೂಪ ಕೊಟ್ಟ ಬಣ್ಣದಯ್ಯ ಮಾಡಿದ ತಪ್ಪು ಒಂದೇ. 'ಸಹಾಯ' ಎಂಬ ಬಟನ್ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಅದಕ್ಕೆ ತನ್ನ ಸ್ವಂತ ಮೊಬೈಲ್ ನಂಬರು ಹಾಕಿದ್ದ, ತೆಗೆಯಲು ಮರೆತ. ಬೆಳಿಗ್ಗೆ ಹೊಸ ಆ್ಯಪು ಅಂಗಡಿ ಅಂಗಡಿ ಸುತ್ತುವ ಸೇಲ್ಸ್‌ನವರೆಲ್ಲರ ಫೋನಿಗೆ ಹೋಗಿ ಕೂತಿತು.

ಬಣ್ಣದಯ್ಯ ಅವನ ಹೆಸರಲ್ಲ. ದಿನವಿಡೀ ಬಟನ್ನುಗಳ ಬಣ್ಣ ಬದಲಾಯಿಸುತ್ತ ಕೂರುತ್ತಾನೆಂದು ಆಫೀಸಿನವರು ಇಟ್ಟದ್ದು. ಅದೂ ಬೆನ್ನ ಹಿಂದೆ. ಎದುರಿಗೆ ಅವನನ್ನು ಯಾರೂ ಏನೂ ಕರೆಯುತ್ತಿರಲಿಲ್ಲ. ಇರುವುದು ಬಾಡಿಗೆ ಕೋಣೆಯಲ್ಲಿ, ಒಬ್ಬನೇ. ಫೋನ್ ಮಾಡುತ್ತಿದ್ದವರು ಸಾಲ ಬೇಕೇ ಎಂದು ಕೇಳುವ ಬ್ಯಾಂಕಿನವರು ಮಾತ್ರ. ಅವರನ್ನೂ ಅವನು ಬೇಗ ಬಿಡುತ್ತಿರಲಿಲ್ಲ.

ಆ ದಿನ ಮ್ಯಾನೇಜರು ಬಂದವರೇ ಖಡಾಖಂಡಿತವಾಗಿ ಹೇಳಿದ್ದರು. ಸೇಲ್ಸ್‌ನವರು ಆ್ಯಪು ತೆರೆದೂ ನೋಡದೆ ಆರ್ಡರುಗಳನ್ನು ಚೀಟಿಯಲ್ಲಿ ಗೀಚಿಕೊಂಡು ಬರುತ್ತಾರೆ. ಸಂಜೆಯೊಳಗೆ ಅವರು ಅದರಲ್ಲಿ ಬೆರಳಾಡಿಸದಿದ್ದರೆ ಕೆಲಸ ಹೊರಗಿನ ಕಂಪನಿಗೆ, ಬಣ್ಣದಯ್ಯ ಮನೆಗೆ.

ಅಷ್ಟರಲ್ಲಿ ಫೋನ್ ಬಂತು. ಆರ್ಡರ್ ಹಾಕೋದು ಎಲ್ಲಿ ಎಂದು ಕೇಳಿತು ಒಂದು ಗಡಸು ದನಿ. ಆಗ ಬಣ್ಣದಯ್ಯನಿಗೆ ತನ್ನ ತಪ್ಪು ಹೊಳೆಯಿತು. ಆದರೂ ಹೇಳಿಕೊಟ್ಟ. ಆರ್ಡರ್ ಹೋದರೂ ಆ ಮನುಷ್ಯ ಫೋನಿಡಲಿಲ್ಲ. ಅಂಗಡಿಯವನು ತನ್ನನ್ನು ಬಿಸಿಲಲ್ಲಿ ಕಾಯಿಸಿದ್ದನ್ನು ಹೇಳಿಕೊಂಡ.

"ಛೆ, ಕೂರೋಕೆ ಒಂದು ಸ್ಟೂಲಾದ್ರೂ ಕೊಡಬಾರದಿತ್ತಾ" ಎಂದ ಬಣ್ಣದಯ್ಯ. ಅಷ್ಟೇ ಸಾಕಾಯಿತು, ಸುದ್ದಿ ಸೇಲ್ಸ್‌ನವರ ಬಾಯಿಂದ ಬಾಯಿಗೆ ಹಬ್ಬಿತು.

ಆಮೇಲೆ ಫೋನಿಗೆ ಬಿಡುವೇ ಇಲ್ಲ. ಒಬ್ಬನ ಸ್ಕೂಟರ್ ಪಂಕ್ಚರ್, ಒಬ್ಬನಿಗೆ ಮಗಳ ಗಣಿತದ ಚಿಂತೆ, ಇನ್ನೊಬ್ಬನ ಹೆಂಡತಿ ಮಾತು ಬಿಟ್ಟಿದ್ದಾಳೆ. ಮದುವೆಯೇ ಆಗದ ಬಣ್ಣದಯ್ಯ ಅದಕ್ಕೂ ಸಲಹೆ ಕೊಟ್ಟ. ಪಕ್ಕದ ಮೇಜಿನ ಲೆಕ್ಕದ ಮೇಡಂ ಪೆನ್ನು ಕೆಳಗಿಟ್ಟು, "ನಿಮ್ಗೆ ಇಷ್ಟೊಂದು ಮಾತು ಬರುತ್ತೇನ್ರೀ?" ಎಂದು ಬೆರಗಾದರು. ವಿಷಯ ತಿಳಿದ ಮೇಲೆ, ಮ್ಯಾನೇಜರಿಗೆ ಗೊತ್ತಾಗುವ ಮೊದಲು ನಂಬರು ತೆಗೆದುಬಿಡಿ ಎಂದು ಗದರಿದರು.

ತೆಗೆಯುವುದು ಒಂದು ಗಳಿಗೆಯ ಕೆಲಸ. ಅವನಿಗೆ ಮನಸ್ಸು ಬರಲಿಲ್ಲ. ಇಷ್ಟು ಜನ ತನ್ನನ್ನು ಅಣ್ಣಾ ಎಂದದ್ದು ಅವನ ಜನ್ಮದಲ್ಲಿ ಇದೇ ಮೊದಲು.

ಉಪಕಾರ ಮಾಡಲು ಬಂದ ಗೋದಾಮಿನವನು, ಮ್ಯಾನೇಜರಿಗೆ ಕೇಳಿಸದಿರಲೆಂದು ಫೋನನ್ನು ಡ್ರಾಯರಿನೊಳಗೆ ತಳ್ಳಿ ಮುಚ್ಚಿದ. ಡ್ರಾಯರು ಕಣಜದ ಗೂಡಿನಂತೆ ಗುಂಯ್‌ಗುಟ್ಟಿತು. ಎಳೆದರೆ ಸಿಕ್ಕಿಕೊಂಡಿತು. ಬಣ್ಣದಯ್ಯ ಮಂಡಿಯೂರಿ ಸಂದಿಗೆ ಬಾಯಿಟ್ಟು, "ಬಂದೆ ಅಣ್ಣಾ, ಇಡಬೇಡಿ, ಬಂದೆ" ಎನ್ನುತ್ತಿದ್ದಾಗ ಮ್ಯಾನೇಜರು ಹಿಂದೆ ನಿಂತಿದ್ದರು.

ಅವರ ಕೋಣೆಯಲ್ಲಿ ಅವನು ಎಲ್ಲವನ್ನೂ ಒಪ್ಪಿಕೊಂಡ. ಮ್ಯಾನೇಜರು ಸಿಟ್ಟಾಗಲಿಲ್ಲ. ಕಂಪ್ಯೂಟರನ್ನು ಅವನ ಕಡೆ ತಿರುಗಿಸಿ ತೋರಿಸಿದರು: ಬೆಳಿಗ್ಗೆಯಿಂದ ಒಬ್ಬನೂ ಆ್ಯಪು ಬಿಟ್ಟು ಕದಲಿರಲಿಲ್ಲ; ಆರ್ಡರುಗಳೂ ದುಪ್ಪಟ್ಟಾಗಿದ್ದವು.

"ಕೆಲಸ ನಿಮ್ದೇ ಕಣ್ರೀ, ಚಿಂತೆ ಬೇಡ" ಎಂದರು. "ಆದ್ರೆ ನೀವೊಬ್ರೇ ಎಷ್ಟಂತ ಮಾತಾಡ್ತೀರಿ? ಇನ್ಮೇಲೆ ಮೆಷೀನು ಮಾತಾಡ್ಲಿ."

"ಯಾರ ದನೀಲಿ ಸಾರ್?"

"ನಿಮ್ದೇ ದನಿ. ಅವರಿಗೆ ಅಭ್ಯಾಸ ಆಗ್ಬಿಟ್ಟಿದೆಯಲ್ಲ."

ಮಧ್ಯಾಹ್ನವೆಲ್ಲ ಮೀಟಿಂಗ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅವನು, ಮ್ಯಾನೇಜರು ಬರೆದುಕೊಟ್ಟ ಮಾತುಗಳನ್ನೆಲ್ಲ ತನ್ನ ದನಿಯಲ್ಲಿ ರೆಕಾರ್ಡ್ ಮಾಡಿದ. ಅವನ ನಂಬರನ್ನು ತೆಗೆದರು. ಆಫೀಸಿನವರು ಕೈಕುಲುಕಿ ಬಸ್ಸಿಗೆ ಓಡಿದರು.

ಕೋಣೆಗೆ ಬಂದು ಫೋನನ್ನು ಎದುರಿಗಿಟ್ಟುಕೊಂಡು ಕೂತ. ಅದು ಉಸಿರೆತ್ತಲಿಲ್ಲ. ಬ್ಯಾಂಕಿನವರೂ ಅವನನ್ನು ಮರೆತಿದ್ದರು. ಬೆಳಗಿನ ಗದ್ದಲ ನೆನೆದು ಅವನಿಗೆ ಅಳು ಬಂದಂತಾಯಿತು. ಕೊನೆಗೆ ತಡೆಯಲಾರದೆ ಆ್ಯಪು ತೆರೆದು ಬಟನ್ ಒತ್ತಿದ.

"ಬೇಜಾರು ಮಾಡ್ಕೋಬೇಡಿ ಅಣ್ಣಾ" ಎಂದಿತು ಅವನದೇ ದನಿ, ತುಂಬ ಅಕ್ಕರೆಯಿಂದ. "ಈಗ ಬಹಳ ಜನ ನನ್ನ ಜೊತೆ ಮಾತಾಡ್ತಾ ಇದ್ದಾರೆ. ಸ್ವಲ್ಪ ಕಾಯ್ತಾ ಇರಿ."

ಬಣ್ಣದಯ್ಯ ಫೋನನ್ನು ಕಿವಿಗೆ ಒತ್ತಿಕೊಂಡು ಕಾಯುತ್ತ ಕೂತ.