ಕೋಜಿ ಕೋಣೆಯ ಮಡಿ

ನಾನು ನಟ್ಟೊ ತಿಂದದ್ದು ಹಸಿವಿನಿಂದಲ್ಲ, ಸಿದ್ಧಾಂತದಿಂದ.

ನಟ್ಟೊ ಎಂದರೇನೆಂದು ಅರಿಯದ ಪುಣ್ಯವಂತರಿಗೆ ಹೇಳಿಬಿಡುತ್ತೇನೆ. ಬೇಯಿಸಿದ ಸೋಯಾ ಕಾಳಿಗೆ ಒಂದು ಜಾತಿಯ ಬ್ಯಾಕ್ಟೀರಿಯಾ ಹಿಡಿಸಿ, ಲೋಳೆಗಟ್ಟಿಸಿ, ಕಡ್ಡಿಯಿಂದ ಎತ್ತಿದರೆ ಮೂರು ಮೊಳ ನೂಲು ಬರುವಂತೆ ಮಾಡಿದ ಪದಾರ್ಥ ಅದು. ಜಪಾನಿನವರು ಬೆಳಿಗ್ಗೆ ಬಿಸಿ ಅನ್ನದ ಮೇಲೆ ಹಾಕಿಕೊಂಡು ತಿನ್ನುತ್ತಾರೆ. ಹಿರೋಷಿಮಾಕ್ಕೆ ಬಂದು ನಾಲ್ಕು ವರ್ಷವಾದರೂ ನಾನು ಅದನ್ನು ಮುಟ್ಟಿರಲಿಲ್ಲ. ಮಗಳು ಅನು ಗೆಳತಿಯ ಮನೆಯಲ್ಲಿ ಅದನ್ನು ತಿಂದು ಬಂದ ದಿನ ಅವಳನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಬಾಯಿ ಮುಕ್ಕಳಿಸಿ ಒಳಗೆ ಬಾ ಎಂದಿದ್ದೆ. (ಇದು ಮಡಿಯಲ್ಲ. ಮೂಗಿನ ಪ್ರಶ್ನೆ.)

ಇಂಥ ನಾನು ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಆರು ಗಂಟೆಗೆ ಎಡಗೈಯಲ್ಲಿ ಮೂಗು ಹಿಡಿದು, ಬಲಗೈಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಕಲಸಿ, ಇಡೀ ಒಂದು ಡಬ್ಬಿ ನಟ್ಟೊ ತಿಂದೆ. ಅದಕ್ಕೆ ಕಾರಣ ನನ್ನ ಗಂಡ.

ಗಂಡ ಜಯಂತ ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧಕ. ಅವನು ಸಂಶೋಧಿಸುವುದು ಬೂಷ್ಟನ್ನು. ನಮ್ಮಲ್ಲಿ ಅನ್ನಕ್ಕೆ ಬೂಷ್ಟು ಬಂದರೆ ತಿಪ್ಪೆಗೆ ಹಾಕುತ್ತೇವೆ; ಇಲ್ಲಿ ಕೋಜಿ ಎಂಬ ಬೂಷ್ಟನ್ನು ಬೆಂದ ಅಕ್ಕಿಯ ಮೇಲೆ ಕೂಸಿನಂತೆ ಸಾಕುತ್ತಾರೆ. ಅಕ್ಕಿಯೊಳಗಿನ ಪಿಷ್ಟವೆಂದರೆ ಸಕ್ಕರೆಯ ಕಣಗಳನ್ನು ಪೋಣಿಸಿದ ಉದ್ದನೆಯ ಸರ. ಕೋಜಿಯ ಜೀವಕೋಶಗಳು ಕಿಣ್ವಗಳನ್ನು ಹೊರಗೆ ಬಿಟ್ಟು, ಆ ಸರವನ್ನು ಕತ್ತರಿಸಿ ಸಕ್ಕರೆ ಮಾಡುತ್ತವೆ. ಆ ಸಕ್ಕರೆಯಿಂದ ಸಾಕೆ ಎಂಬ ಮದ್ಯವಾಗುತ್ತದೆ. ಮದ್ಯ ಕುಡಿಯದ ಜಯಂತ ಕಿಣ್ವದ ಹಿಂದೆ ಬಿದ್ದವನು. ನಮ್ಮ ಮನೆಯಿಂದ ಮೂರು ಸ್ಟೇಷನ್ ಆಚೆ ಕುಬೊತಾ ಮನೆತನದ ಹಳೆಯ ಸಾಕೆ ಭಟ್ಟಿಯಿದೆ. ಅಲ್ಲಿನ ಕೋಜಿಯ ಸ್ಯಾಂಪಲ್ಲಿಗಾಗಿ ಎರಡು ವರ್ಷ ಬಾಗಿ ಬಾಗಿ ಅವನ ಸೊಂಟವೇ ವಾಲಿತ್ತು. ಈ ಚಳಿಗಾಲದಲ್ಲಿ ಒಪ್ಪಿಗೆ ಸಿಕ್ಕಿತು. ಜೊತೆಗೆ, ಹೆಂಡತಿಯನ್ನೂ ಕರೆತನ್ನಿ, ಒಂದು ಬೆಳಿಗ್ಗೆ ಕೈಜೋಡಿಸಲಿ ಎಂಬ ಆಮಂತ್ರಣ.

"ಒಂದು ಕಂಡೀಷನ್ ಇದೆ ಕೋಕಿಲಾ," ಎಂದ ಜಯಂತ. "ಇವತ್ತಿಂದ ನಟ್ಟೊ ಮುಟ್ಟೋ ಹಾಗಿಲ್ಲ. ಬೆಳಿಗ್ಗೆ ತಲೆಗೆ ಸ್ನಾನ ಮಾಡ್ಬೇಕು. ಒಗೆದ ಬಟ್ಟೆ ಹಾಕ್ಕೋಬೇಕು. ಒಳಗೆ ಏನನ್ನೂ ಸುಮ್ಸುಮ್ನೆ ಮುಟ್ಬಾರ್ದು."

ನನ್ನ ನೆತ್ತಿಗೆ ಏರಿತು. ಮೈಸೂರಿನಲ್ಲಿ ನನ್ನ ಅತ್ತೆ ಸತ್ಯಭಾಮಾ ಅವರ ಅಡುಗೆಮನೆಯ ಹೊಸ್ತಿಲಲ್ಲಿ ಹನ್ನೊಂದು ವರ್ಷ ಇದೇ ನಾಲ್ಕು ವಾಕ್ಯಗಳನ್ನು ಕೇಳಿ, ಸಮುದ್ರ ದಾಟಿ ಬಂದವಳು ನಾನು.

"ರೀ, ಇದು ಮಡಿ!"

"ಮಡಿ ಅಲ್ಲ ಕಣೇ, ಮೈಕ್ರೊಬಯಾಲಜಿ."

"ನಿಮ್ಮಮ್ಮನೂ ಅದನ್ನ ಮಡಿ ಅಂತಿರ್ಲಿಲ್ಲ. ಶುಚಿ ಅಂತಿದ್ರು."

"ನಟ್ಟೊ ಬ್ಯಾಕ್ಟೀರಿಯಾ ಕಷ್ಟ ಬಂದ್ರೆ ಬೀಜದ ಥರ ಗಟ್ಟಿಯಾಗಿ ಕೂತ್ಬಿಡತ್ತೆ, ಸ್ಪೋರ್ ಅಂತ. ಕುದಿಯೋ ನೀರಿಗೂ ಸಾಯಲ್ಲ. ಕೋಜಿ ರೂಮಲ್ಲಿ ಅದಕ್ಕೆ ಬೆಚ್ಚಗೆ ಊಟ, ವಸತಿ ಎರಡೂ. ಅರ್ಧ ಗಂಟೆಗೆ ಒಂದು ಎರಡಾಗತ್ತೆ."

"ಕುದಿಯೋ ನೀರಿಗೂ ಸಾಯಲ್ವಂತೆ! ಆತ್ಮ ಒಂದೇ ಹಾಗೆ ಅಂದ್ಕೊಂಡಿದ್ದೆ."

"ನೀನು ಒಪ್ತೀಯೋ ಬಿಡ್ತೀಯೋ ಅಂತ ಅದು ಕಾಯ್ತಾ ಕೂರಲ್ಲ," ಎಂದು ಅವನು ಲ್ಯಾಪ್‌ಟಾಪ್ ತೆರೆದ. ನಮ್ಮ ದಾಂಪತ್ಯದಲ್ಲಿ ಚರ್ಚೆ ಮುಗಿದುದಕ್ಕೆ ಅದೇ ಗಂಟೆ.

ನಾನು ಪಿ.ಯು.ಸಿ.ಯಲ್ಲಿ ಕಾಮರ್ಸ್ ಓದಿದವಳು. ಆದರೆ ಬೆಂಗಳೂರಿನ ಒಂದು ವೆಬ್ ಪತ್ರಿಕೆಗೆ ವಾರವಾರವೂ ಕೋಪದ ಅಂಕಣ ಬರೆಯುವುದರಿಂದ, ಯಾವುದರ ಮೇಲೆ ಕೋಪ ಬಂದರೂ ಅದನ್ನು ಓದಿಕೊಳ್ಳುವ ಅಭ್ಯಾಸವಿದೆ. ಪಾತ್ರೆ ತೊಳೆಯುತ್ತಾ ಫೋನಿನಲ್ಲಿ ಪಾಠ ಕೇಳಿ ಕೇಳಿ, ಮೂರು ದಿನದಲ್ಲಿ ಜೀವಕೋಶದ ರಸಾಯನಶಾಸ್ತ್ರವನ್ನು ಅರೆದು ಕುಡಿದೆ. ಆಮೇಲೆ ಬರೆದೆ: 'ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ: ಜೀವವೆಂದರೆ ಮುಖ್ಯವಾಗಿ ಇಷ್ಟು. ಅರ್ಚಕರ ಕೋಶದಲ್ಲೂ ಪೌರಕಾರ್ಮಿಕರ ಕೋಶದಲ್ಲೂ ನೂರಕ್ಕೆ ಎಪ್ಪತ್ತು ಪಾಲು ನೀರೇ. ಇದರಲ್ಲಿ ಮೈಲಿಗೆ ಯಾವ ಅಣುವಿನಲ್ಲಿದೆ, ತೋರಿಸಿ!' ಈ ಮಾತನ್ನು ಇವತ್ತಿಗೂ ಹಿಂದಕ್ಕೆ ಪಡೆಯುವುದಿಲ್ಲ. ಹಾಳಾದದ್ದು ಅಷ್ಟಕ್ಕೇ ನಿಲ್ಲಿಸದೆ, 'ಈಗ ಪ್ರಯೋಗಾಲಯದ ಗಂಡಸರೂ ಬಿಳಿ ಕೋಟು ತೊಟ್ಟು ಹೆಂಗಸರಿಗೆ ಮಡಿ ಕಲಿಸುತ್ತಿದ್ದಾರೆ' ಎಂದು ಸೇರಿಸಿದ್ದರಿಂದ. ಆ ವಾಕ್ಯವನ್ನೇ ಜನ ಹೆಚ್ಚು ಮೆಚ್ಚಿದರು. ಸಂಜನಾ ಎಂಬ ಓದುಗಿ 'ಬೆಂಕಿ ಮೇಡಂ' ಎಂದು ಬರೆದಳು. ಬೆಂಕಿ ಎನಿಸಿಕೊಂಡ ಮೇಲೆ ನಟ್ಟೊ ತಿನ್ನದೆ ಇರಲಾದೀತೆ? ತಿಂದು ಹೋಗುತ್ತೇನೆ, ಏನೂ ಆಗುವುದಿಲ್ಲ, ಮುಂದಿನ ವಾರ ಅದನ್ನೇ ಬರೆಯುತ್ತೇನೆ ಎಂದು ತೀರ್ಮಾನಿಸಿದೆ.

ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯಿಂದ ಡಬ್ಬಿ ತಂದು ಕದ್ದು ತಿನ್ನುತ್ತಿದ್ದಾಗ ಹತ್ತು ವರ್ಷದ ಅನು ಕಣ್ಣುಜ್ಜುತ್ತಾ ಬಂದಳು.

"ಮಮ್ಮಿ! ಡಮೆ! ಪಪ್ಪಾ ಸೆಡ್ ನೋ ನಟ್ಟೊ!"

"ಶ್! ಇದು ಸತ್ಯಕ್ಕೋಸ್ಕರ ಪುಟ್ಟಿ."

"ದೆನ್ ಟೆಲ್ ಪಪ್ಪಾ."

"ಸಂಜೆ ಹೇಳ್ತೀನಿ."

ರೈಲಿನಲ್ಲಿ ನೋಡಿಕೊಳ್ಳುತ್ತೇನೆ, ಸ್ವೆಟರಿನ ತೋಳಿನ ಮೇಲೆ ನಟ್ಟೊದ ಒಂದು ನೂಲು ಒಣಗಿ ಮಿರಮಿರ ಮಿಂಚುತ್ತಿದೆ. ತೋಳನ್ನು ಒಂದು ಸುತ್ತು ಮಡಿಚಿಕೊಂಡೆ.

ಭಟ್ಟಿಯ ಬಾಗಿಲಲ್ಲಿ ಎಂಬತ್ತರ ಕುಬೊತಾ ಅಜ್ಜಿ ದ್ವಾರಪಾಲಕಿಯಾಗಿ ನಿಂತಿದ್ದರು. ನಮ್ಮ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಸ್ಪಿರಿಟ್ ಚಿಮುಕಿಸಿ, ನನ್ನ ಮುಖವನ್ನೇ ದಿಟ್ಟಿಸಿ ಕೇಳಿದರು: "ನಟ್ಟೊ?"

"ಇಯ್ಯೆ," ಎಂದೆ. ಇಲ್ಲ ಎಂದರ್ಥ. ಸಿದ್ಧಾಂತಕ್ಕಾಗಿ ತಿಂದವಳು ಸಿದ್ಧಾಂತವನ್ನು ಬಾಯಿಬಿಟ್ಟು ಹೇಳಬೇಕಿತ್ತಲ್ಲ? ಆ ಕ್ಷಣಕ್ಕೆ ಬಾಯಲ್ಲಿ ಅದೊಂದೇ ಪದ ಬಂತು.

ಒಳಗೆ ಮರದ ಗೋಡೆಯ ಕೋಣೆ, ಒಲೆಯ ಪಕ್ಕದಷ್ಟು ಸೆಕೆ. ಅಜ್ಜಿಯ ಸೊಸೆ ಮಾಯುಮಿ ತಲೆಗೆ ಬಟ್ಟೆ ಕಟ್ಟಿ, ಬೆವರು ಸುರಿಸುತ್ತಾ, ಮಾತಿಲ್ಲದೆ ಅಕ್ಕಿ ಕಲಸುತ್ತಿದ್ದಳು. ಬಾಗಿಲಲ್ಲಿ ಅತ್ತೆಯ ಅಧಿಕಾರ, ಒಳಗೆ ಸೊಸೆಯ ಬೆವರು! ನನಗೆ ಕಣ್ಣು ತುಂಬಿ ಬಂತು. ಸಹೋದರೀ, ನಿನ್ನ ಜೊತೆ ನಾನಿದ್ದೇನೆ ಎಂಬ ಭಾವದಿಂದ ಆ ಅಕ್ಕಿಯೊಳಗೆ ಮೊಣಕೈವರೆಗೂ ಕೈ ಹಾಕಿದೆ.

ಮಂಗಳವಾರ ಜಯಂತ ಲ್ಯಾಬಿನಿಂದ ಮಧ್ಯಾಹ್ನವೇ ಮನೆಗೆ ಬಂದ.

"ಕೋಜಿ ಹಾಳಾಯ್ತು. ಲೋಳೆ ಲೋಳೆ. ನೂರಿಪ್ಪತ್ತು ಕೆ.ಜಿ. ಅಕ್ಕಿ ಎಸೆದಿದ್ದಾರೆ. ಮೈಕ್ರೊಸ್ಕೋಪಲ್ಲಿ ನೋಡ್ದೆ, ನಟ್ಟೊ ಬ್ಯಾಕ್ಟೀರಿಯಾನೇ."

ನನ್ನ ಕೈಯ ಚಪಾತಿ ಹಿಟ್ಟು ಕೈಯಲ್ಲೇ ಉಳಿಯಿತು. "ಯಾರು ಅಂತ..."

"ನಮ್ಮ ಮೇಲೆ ಅನುಮಾನನೇ ಇಲ್ಲ. ಇಂಡಿಯಾದವರು ನಟ್ಟೊ ತಿನ್ನಲ್ಲ ಅಂತ ಅವರಿಗೆ ಗ್ಯಾರಂಟಿ. ಮನೆಯವರೇ ಯಾರೋ ತಿಂದಿದ್ದಾರೆ ಅಂತ ಅತ್ತೆ-ಸೊಸೆ ಮಧ್ಯೆ ದೊಡ್ಡ ರಂಪ. ಮಾತೇ ಬಿಟ್ಟಿದ್ದಾರಂತೆ. ಯಾರು ಅಂತ ಗೊತ್ತಾಗೋವರೆಗೂ ನಂಗೂ ಸ್ಯಾಂಪಲ್ ಇಲ್ಲ."

ಆ ಮೂರು ದಿನ ನಾನು ಅಂಕಣ ಬರೆಯಲಿಲ್ಲ. ಲೆಕ್ಕ ಮಾಡಿದೆ. ಅರ್ಧ ಗಂಟೆಗೆ ಒಂದು ಎರಡಾದರೆ, ಹತ್ತು ಗಂಟೆಯಲ್ಲಿ ಒಂದು ಸ್ಪೋರಿನಿಂದ ಹತ್ತು ಲಕ್ಷ. ನನ್ನ ತೋಳಿನ ಮಡಿಕೆಯೊಳಗೆ ಎಷ್ಟಿದ್ದವೋ! ಹಾಳಾದ ಅಕ್ಕಿಯಾದರೂ ಹೋಗಲಿ. ಆ ಬೆವರಿನ ಮುಖದ ಸೊಸೆ ಅತ್ತೆಯೆದುರು ನಿಂತು "ನಾನಲ್ಲ, ನಾನಲ್ಲ" ಎನ್ನುತ್ತಿರುವ ಚಿತ್ರ ಕಣ್ಣಿಂದ ಹೋಗಲಿಲ್ಲ. ಸೊಸೆಯಂದಿರ ಪರವಾಗಿ ಹನ್ನೊಂದು ವರ್ಷದ ಸಿಟ್ಟು ಹೊತ್ತು ತಿರುಗುವವಳು ಒಬ್ಬ ಸೊಸೆಯ ಮೇಲೆ ಕಳಂಕ ಹೊರಿಸಿ, ಮನೆಯಲ್ಲಿ ಬೆಚ್ಚಗೆ ಚಪಾತಿ ಲಟ್ಟಿಸುತ್ತಿದ್ದೇನೆ. ಗಂಟಲಿಗೆ ಬಂದ ಮಾತನ್ನು ದಿನಕ್ಕೆ ನಾಲ್ಕು ಸಲ ನುಂಗಿದೆ. ನಟ್ಟೊಗಿಂತ ಅದು ಕಷ್ಟ.

ಶುಕ್ರವಾರ ಊಟಕ್ಕೆ ಕೂತಾಗ ಅನು ಕೇಳಿದಳು: "ಮಮ್ಮಿ, ಡಿಡ್ ಯೂ ಟೆಲ್ ಪಪ್ಪಾ?"

"ಏನನ್ನ?" ಎಂದ ಪಪ್ಪಾ.

ಹೇಳಿದೆ. ಡಬ್ಬಿ, ಉಪ್ಪಿನಕಾಯಿ, ತೋಳಿನ ನೂಲು, "ಇಯ್ಯೆ", ಎಲ್ಲ. ಅವನು ಬೈಯುತ್ತಾನೆಂದು ಕಾದೆ. ಬೈದರೆ ತಿರುಗಿಸಿ ಬೈಯಬಹುದಿತ್ತು. ಅವನು ಎದ್ದು ಹೋಗಿ ಪಾತ್ರೆ ತೊಳೆದ. ಕುಕ್ಕರಿನ ರಬ್ಬರನ್ನೂ ತೆಗೆದು ತೊಳೆದ. (ಮದುವೆಯಾದಂದಿನಿಂದ ಅದನ್ನು ಒಮ್ಮೆಯೂ ತೆಗೆದವನಲ್ಲ. ಅಷ್ಟು ನೊಂದಿದ್ದ.)

"ಎರಡು ವರ್ಷ ಕೋಕಿಲಾ," ಎಂದ ಕೊನೆಗೆ. "ಭಾನುವಾರ ಹೋಗೋಣ. ನೀನೇ ಹೇಳ್ಬೇಕು."

ಕ್ಷಮೆ ಕೇಳಲು ಹೋಗುವಾಗ ಸಿಹಿಯ ಡಬ್ಬಿ ಒಯ್ಯುವುದು ಇಲ್ಲಿನ ಪದ್ಧತಿ. ಡಬ್ಬಿ ಹಿಡಿದು, ದುಭಾಷಿಯಾಗಿ ಅನುವನ್ನು ಕರೆದುಕೊಂಡು ಹೋದೆವು. ಚಾಪೆಯ ಕೋಣೆಯಲ್ಲಿ ಮಾಯುಮಿ ಮೇಜಿನ ಮುಂದೆ ನೆಟ್ಟಗೆ ಕೂತಿದ್ದಳು. ಅಜ್ಜಿ ಮೂಲೆಯ ದಿಂಬಿನ ಮೇಲೆ ಮುದುಡಿದ್ದರು. ನಾನು ಸೀದಾ ಅಜ್ಜಿಯ ಎದುರು ಮಂಡಿಯೂರಿ ಸಿದ್ಧಪಡಿಸಿದ್ದ ಭಾಷಣ ಶುರುಮಾಡಿದೆ.

"ಅಜ್ಜೀ, ನಟ್ಟೊ ತಿಂದವಳು ನಾನು. ನಿಮ್ಮ ಸೊಸೆದೇನೂ ತಪ್ಪಿಲ್ಲ. ದಯವಿಟ್ಟು ಇನ್ನು ಮೇಲೆ ಅವಳನ್ನ ಬೈಬೇಡಿ. ಹೇಳು ಅನು."

ಅನು ಮೊದಲ ವಾಕ್ಯ ಹೇಳಿ ನಿಂತಳು. ಮೂವರ ಮುಖ ನೋಡಿದಳು. ಜಪಾನೀ ಭಾಷೆಯಲ್ಲಿ ಮಾಯುಮಿಯನ್ನು ಏನೋ ಕೇಳಿ, ನನ್ನ ಕಡೆ ತಿರುಗಿ ಪಿಸುಗುಟ್ಟಿದಳು: "ಮಮ್ಮಿ, ಉಲ್ಟಾ. ಮಾಯುಮಿ ಸಾನ್ ಈಸ್ ದ ಬಾಸ್. ಬೈಸ್ಕೊಂಡಿದ್ದು ಅಜ್ಜಿ."

ಜಯಂತ ಹಲ್ಲು ಕಚ್ಚಿಕೊಂಡು ಹೇಳಿದ: "ಹತ್ತು ಸಲ ಹೇಳಿದೀನಿ. ಅಜ್ಜಿ ಮಗ ಕಾರ್ ಫ್ಯಾಕ್ಟರಿಲಿ ಇಂಜಿನಿಯರು, ಭಟ್ಟಿ ಪೂರ್ತಿ ಮಾಯುಮಿ ಸಾನ್ ಕೈಲಿ. ರೂಲ್ಸ್ ಎಲ್ಲ ಅವರದ್ದೇ. ಅಜ್ಜಿನ ಬಾಗಿಲಲ್ಲಿ ನಿಲ್ಸಿರೋದೂ ಅವರೇ. ನೀನು ಕೇಳಿಸ್ಕೊಂಡ್ರೆ ತಾನೆ?"

ಹುಟ್ಟಿದಾಗಿನಿಂದ ದಿನಾ ನಟ್ಟೊ ತಿಂದ ಅಜ್ಜಿ, ಸೊಸೆ ಭಟ್ಟಿ ವಹಿಸಿಕೊಂಡ ಮೇಲೆ ಅಕ್ಟೋಬರಿನಿಂದ ಮಾರ್ಚಿವರೆಗೆ ಅದನ್ನು ಬಿಟ್ಟಿದ್ದರಂತೆ. ಈ ವಾರ ಸೊಸೆ "ನೀವು ಕದ್ದು ತಿಂದಿರಬೇಕು" ಎಂದಿದ್ದಕ್ಕೆ ಐದು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ನನ್ನ ಮನಸ್ಸಿನ ಸಿನಿಮಾದಲ್ಲಿ ನಾನು ಖಳನಾಯಕಿ ಮಾಡಿದ್ದ ಮುದುಕಿಯೇ ನನ್ನ ಪಾಪ ಹೊತ್ತು ಕೂತಿದ್ದವರು. ಭೂಮಿ ಬಾಯಿ ಬಿಡಬಾರದೇ ಎಂದು ಚಾಪೆ ನೋಡಿದೆ. ಚಾಪೆ ಗಟ್ಟಿಯಾಗಿತ್ತು.

ಮಾಯುಮಿ ಎದ್ದು ಬಂದು ಅತ್ತೆಯ ಮುಂದೆ ಮಂಡಿಯೂರಿ, ಹಣೆ ಚಾಪೆಗೆ ತಾಗುವಂತೆ ಬಾಗಿ ಕ್ಷಮೆ ಕೇಳಿದಳು. ಅಜ್ಜಿ ಗಾಬರಿಯಿಂದ ತಾವೂ ಬಾಗಿದರು. ನಾನೂ ಬಾಗಿದೆ. ಜಯಂತನೂ ಬಾಗಿದ. ಮೊದಲು ಯಾರು ತಲೆಯೆತ್ತಬೇಕೆಂಬುದು ನನಗೆ ತಿಳಿಯದು. ಸಿಹಿಯ ಡಬ್ಬಿ ಹಿಡಿದ ಅನು ಒಬ್ಬಳೇ ನಾಲ್ಕು ಬೆನ್ನುಗಳ ನಡುವೆ ದೀಪಸ್ತಂಭದಂತೆ ನಿಂತಿದ್ದಳು.

ಬೈಗುಳ ಬರಲೇ ಇಲ್ಲ. ಸತ್ಯ ಹೇಳಿದಿರಿ, ಇನ್ನು ಅನುಮಾನವಿಲ್ಲ, ಸೋಮವಾರದಿಂದ ಸ್ಯಾಂಪಲ್ ತೆಗೆದುಕೊಳ್ಳಿ ಎಂದಳು ಮಾಯುಮಿ ಜಯಂತನಿಗೆ. ನನಗೆ, ಮೂರು ಶನಿವಾರ ಬಂದು ಕೋಜಿಯ ಮರದ ತಟ್ಟೆಗಳನ್ನು ಉಜ್ಜಿಕೊಡಿ ಎಂದಳು. ಅಂಗಳದಲ್ಲಿ ಮಾತ್ರ. ಒಳಗೆ ಪ್ರವೇಶವಿಲ್ಲ. ಕೃತಜ್ಞತೆಯಿಂದ ಅತ್ತೇಬಿಟ್ಟೆ.

ಮೊದಲ ಶನಿವಾರ. ಕೊರೆಯುವ ಚಳಿಯಲ್ಲಿ, ಹಬೆಯಾಡುವ ನೀರಿನಲ್ಲಿ, ಹದಿನೇಳನೆಯ ತಟ್ಟೆ ಉಜ್ಜುತ್ತಿದ್ದೆ. ಸೊಂಟ ನೋಯುತ್ತಿದ್ದರೂ ಮನಸ್ಸು ವಾರದಲ್ಲೇ ಮೊದಲ ಸಲ ಹಗುರವಾಗಿತ್ತು. ಅಜ್ಜಿ ಚಹಾ ತಂದು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ನನ್ನ ಹರಕು ಜಪಾನೀ ಭಾಷೆಯಲ್ಲಿ ಮತ್ತೊಮ್ಮೆ "ಸುಮಿಮಾಸೆನ್", ಕ್ಷಮಿಸಿ, ಎಂದೆ.

ಅಜ್ಜಿ ಆ ಕಡೆ ಈ ಕಡೆ ನೋಡಿದರು. ನನ್ನ ಕಿವಿಯ ಹತ್ತಿರ ಬಂದು, ನನಗೆ ಅರ್ಥವಾಗಲೆಂದು ಒಂದೊಂದೇ ಪದ ಬಿಡಿಸಿ ಹೇಳಿದರು:

"ನಾನೂ ತಿಂದಿದ್ದೆ. ಅವತ್ತೇ. ಬೆಳಿಗ್ಗೆ."

"ಒಂದು ಡಬ್ಬಿ?" ಎಂದೆ.

ಅಜ್ಜಿ ಎರಡು ಬೆರಳು ಎತ್ತಿದರು. ಎರಡು ಡಬ್ಬಿ. "ಗೋದಾಮಿನ ಹಿಂದೆ. ಸಾಸಿವೆ ಹಾಕಿಕೊಂಡು." ಆ ರುಚಿಯ ನೆನಪಿಗೆ ಅವರ ಕಣ್ಣು ಅರ್ಧ ಮುಚ್ಚಿತು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು, ನನ್ನ ಬೆನ್ನು ತಟ್ಟಿ, "ಕೋಕಿಲಾ ಸಾನ್ ಒಳ್ಳೆಯವರು," ಎಂದರು.

ಅಷ್ಟರಲ್ಲಿ ಮಾಯುಮಿ ಬಾಗಿಲಿಗೆ ಬಂದಳು. ಅತ್ತೆಗೆಂದು ಮಂಡಿಯ ಮೇಲೆ ಹೊದೆಯುವ ಕಂಬಳಿ ತಂದಿದ್ದಳು. ಹೊದಿಸಿ, ತಪ್ಪು ತಿಳಿದಿದ್ದೆನಲ್ಲಾ ಎಂಬ ನಾಚಿಕೆಯಲ್ಲಿ ಮತ್ತೊಮ್ಮೆ ಬಾಗಿ ಒಳಗೆ ಹೋದಳು. ಅಜ್ಜಿ ಆ ನಮನವನ್ನು ಮಹಾರಾಣಿಯ ಗಾಂಭೀರ್ಯದಿಂದ ಸ್ವೀಕರಿಸಿದರು.

ಅವಳನ್ನು ಕೂಗಿ ಕರೆಯಬೇಕೆಂದು ಬಾಯಿ ತೆರೆದೆ. ಕರೆದು ಏನು ಹೇಳಲಿ? ಹೇಳಿದರೆ ಈ ಮುದುಕಿ ಮತ್ತೆ ಆ ಮೂಲೆಗೆ. ಹೇಳದಿದ್ದರೆ ಈ ಸೊಸೆ, ತಾನು ಮಾಡಿದ ಸರಿಯಾದ ಅನುಮಾನಕ್ಕಾಗಿ ಬದುಕಿರುವವರೆಗೂ ಬಾಗುತ್ತಲೇ ಇರುತ್ತಾಳೆ. ಲೋಕದ ಸೊಸೆಯಂದಿರ ವಕೀಲೆಯಾದ ನಾನು, ಸತ್ಯವನ್ನೇ ಹೇಳಿ, ಒಬ್ಬ ಸೊಸೆಯ ತಲೆಯನ್ನು ತಪ್ಪಿತಸ್ಥ ಅತ್ತೆಯ ಮುಂದೆ ಬಾಗಿಸಿಬಿಟ್ಟಿದ್ದೆ. ತೆರೆದ ಬಾಯಿ ಮುಚ್ಚಿಕೊಂಡು, ತಲೆ ತಗ್ಗಿಸಿ, ತಟ್ಟೆಯನ್ನು ಗಸಗಸ ಉಜ್ಜತೊಡಗಿದೆ.

ಅಜ್ಜಿ ಕಂಬಳಿ ಸರಿಪಡಿಸಿಕೊಂಡು, ಚಹಾ ಒಂದು ಗುಟುಕು ಹೀರಿ, ತಟ್ಟೆಯತ್ತ ಬೆರಳು ಚಾಚಿ ತೋರಿಸಿದರು.

"ಅಗೋ, ಆ ಮೂಲೆ. ಅಲ್ಲಿ ಇನ್ನೊಂದು ಸಲ ಉಜ್ಜಿ."